ಕಾಕಸಸ್ ಕಣಿವೆಯ ಗೋಪುರಗಳನ್ನು ಯಾರಿಗಾಗಿ ಅಳೆಯಬೇಕು?

"ಸ್ಕ್ಯಾನರ್ ಇಟ್ಟು ಕೂತರೆ ಒಂದು ಗೋಪುರಕ್ಕೆ ಅರ್ಧ ದಿನ ಸಾಕು ಮೇಡಂ. ಜೊತೆಗೆ ಡ್ರೋನ್ ಹಾರಿಸಿದರೆ ತುದಿಯ ಚಪ್ಪಡಿಯ ಬಿರುಕೂ ಕಾಣುತ್ತೆ. ನಾಳೆ ಗೋಪುರ ಬಿದ್ದರೂ ಅದರ ಒಂದೊಂದು ಕಲ್ಲೂ ನಮ್ಮ ಕಂಪ್ಯೂಟರಿನಲ್ಲಿ ಇರುತ್ತೆ."

"ಬಿದ್ದರೂ ಪರವಾಗಿಲ್ಲ ಅನ್ನೋ ಧೈರ್ಯ ಬರುತ್ತಲ್ಲ, ಅದೇ ನನಗೆ ಭಯ."

ಮಾತು ನಡೆದದ್ದು ಹಳೆಯ ಗುರು-ಶಿಷ್ಯರ ನಡುವೆ. ಗುರು ಪುರಾತನ ಕಟ್ಟಡಗಳ ಸಂರಕ್ಷಣೆಯನ್ನು ಪಾಠ ಹೇಳಿ ನಿವೃತ್ತರಾದ ಅಧ್ಯಾಪಕಿ. ಶಿಷ್ಯ ಕಟ್ಟಡಗಳನ್ನು ಲೇಸರ್ ಕಿರಣದಿಂದ ಅಳೆಯುವ ಇಂಜಿನಿಯರ್. ಮೇಜಿನ ಮೇಲೆ ಹರಡಿದ್ದ ನಕಾಶೆ ಕಾಕಸಸ್ ಪರ್ವತಶ್ರೇಣಿಯದು. ಶ್ರೇಣಿಯ ಉತ್ತರದ ಇಳಿಜಾರಿನಲ್ಲಿ ರಷ್ಯಕ್ಕೆ ಸೇರಿದ ಪುಟ್ಟ ಇಂಗುಷೆತಿಯ ಗಣರಾಜ್ಯ. ಅಲ್ಲಿನ ಆರ್ಮ್‌ಖಿ ಮತ್ತು ಅಸ್ಸಾ ನದಿಗಳ ಕಣಿವೆಗಳು 1988ರಿಂದ ಜೆಯ್ರಾಖ್-ಅಸ್ಸಾ ಎಂಬ ಸರ್ಕಾರಿ ಮೀಸಲು ಪ್ರದೇಶ. ಬೆಟ್ಟ, ಕಾಡು, ಪಾಳುಬಿದ್ದ ಊರುಗಳು ಎಲ್ಲವೂ ಒಂದೇ ಬಯಲು ವಸ್ತುಸಂಗ್ರಹಾಲಯದಂತೆ ಅದರೊಳಗಿವೆ. ಬೆನ್ನಿಗೇ ಜಾರ್ಜಿಯದ ಗಡಿ. ಶ್ರೇಣಿಯ ದಕ್ಷಿಣ ಮಗ್ಗುಲಲ್ಲಿ, ಪಶ್ಚಿಮಕ್ಕೆ ಸಾಗಿದರೆ ಸ್ವಾನೇತಿ ಸೀಮೆ. ಎರಡೂ ಕಡೆ ಮಧ್ಯಯುಗದ ಕಲ್ಲುಗೋಪುರಗಳು ನೂರಾರು ನಿಂತಿವೆ. ಅವುಗಳ ದಾಖಲಾತಿ ಹೇಗಾಗಬೇಕೆಂಬ ಚರ್ಚೆ ಇಬ್ಬರನ್ನೂ ಬಹಳ ಹೊತ್ತು ಹಿಡಿದು ಕೂರಿಸಿತ್ತು.

"ಯಂತ್ರದ ಮಾತು ಆಮೇಲೆ. ಇಂಗುಷ್ ಗೋಪುರ ಹೇಗೆ ನಿಂತಿದೆ ಅಂತ ಮೊದಲು ಹೇಳು," ಎಂದರು ಅಧ್ಯಾಪಕಿ.

ಶಿಷ್ಯನಿಗೆ ಇದು ಇಷ್ಟದ ವಿಷಯ. "ಮುಖ್ಯವಾಗಿ ಎರಡು ಬಗೆ ಮೇಡಂ. ವಾಸದ ಗೋಪುರ ಎರಡು-ಮೂರು ಅಂತಸ್ತು. ಕೆಳಗೆ ದನಕುರಿ, ಮೇಲೆ ಜನ. ನಡುವೆ ಒಂದೇ ಕಲ್ಲುಕಂಬ, ಕಂಬದ ಬೋದಿಗೆ ಮೇಲೆ ತೊಲೆ, ತೊಲೆ ಮೇಲೆ ಜಂತಿ, ಜಂತಿ ಮೇಲೆ ಮಣ್ಣು ಬಡಿದ ಮಾಳಿಗೆ. ಯುದ್ಧದ ಗೋಪುರ ಬೇರೆ. ಬುಡ ನಾಲ್ಕೈದು ಮೀಟರ್ ಅಗಲದ ಚೌಕ. ಎತ್ತರ ಮಾತ್ರ 25 ಮೀಟರ್ ಮುಟ್ಟುತ್ತೆ, ಕೆಲವು 30ರ ಹತ್ತಿರ ಹೋಗುತ್ತವೆ. ಮೇಲೆ ಹೋದಂತೆ ನಾಲ್ಕು ಗೋಡೆಗಳೂ ಒಳಕ್ಕೆ ಸರಿಯುತ್ತವೆ. ಬಾಗಿಲು ನೆಲದಲ್ಲಿಲ್ಲ, ಎರಡನೇ ಅಂತಸ್ತಿನಲ್ಲಿ. ಹತ್ತಿದವರು ಏಣಿ ಒಳಗೆಳೆದುಕೊಂಡರೆ ಹೊರಗಿನವನಿಗೆ ದಾರಿಯೇ ಇಲ್ಲ. ತುದಿಯಲ್ಲಿ ಹೊರಚಾಚಿದ ಕಲ್ಲುಗೂಡುಗಳು. ಬುಡಕ್ಕೆ ಬಂದ ಶತ್ರುವಿನ ತಲೆ ಮೇಲೆ ನೇರವಾಗಿ ಕಲ್ಲು ಹಾಕಲಿಕ್ಕೆ. ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುವ ಚಪ್ಪಡಿ ಮಾಡು, ಕೊನೆಗೆ ಕಳಸದ ಹಾಗೆ ಒಂದು ಕಲ್ಲು."

"ಎರಡನೇ ಅಂತಸ್ತಿನ ನೆತ್ತಿ ನೋಡಿದ್ದೀಯಾ?"

"ನೋಡಿದ್ದೇನೆ. ಮರದ ಅಟ್ಟ ಅಲ್ಲ, ಕಲ್ಲಿನ ಕಮಾನು ಚಾವಣಿ. ಎರಡು ಕಮಾನುಪಟ್ಟಿಗಳು ಒಂದನ್ನೊಂದು ಅಡ್ಡ ಹಾಯುತ್ತವೆ."

"ಸೊಂಟದಲ್ಲಿ ಅದು ಬಿಗಿದು ಹಿಡಿಯುತ್ತೆ, ಮೂಲೆಗಳಲ್ಲಿ ದೊಡ್ಡ ಮೂಲೆಗಲ್ಲುಗಳು ಒಂದು ಗೋಡೆಯಿಂದ ಇನ್ನೊಂದಕ್ಕೆ ಹೆಣೆದುಕೊಂಡು ಹಿಡಿಯುತ್ತವೆ, ತಲೆ ಮೇಲೆ ಚಪ್ಪಡಿ ಮಾಡು ಮಳೆ ತಡೆಯುತ್ತೆ. ಈ ಮೂರರಲ್ಲಿ ಯಾವುದು ಮೊದಲು ಕೆಡುತ್ತೆ ಅಂತ ಕಂಡುಹಿಡಿಯುವುದೇ ದಾಖಲಾತಿಯ ಮೊದಲ ಕೆಲಸ. ಬರೀ ಆಕಾರ ಹಿಡಿದು ತಂದರೆ ಗೋಪುರ ಚೆನ್ನಾಗಿದೆ ಅಂತಷ್ಟೇ ಜನ ಹೇಳುತ್ತಾರೆ."

ಆಮೇಲೆ ಅವರು ಕಟ್ಟಿದವರ ವಿಚಾರಕ್ಕೆ ಬಂದರು. ಇಂಗುಷ್ ಜನರ ಬಾಯಲ್ಲಿ ಉಳಿದುಬಂದ ಕಟ್ಟುಪಾಡುಗಳು ಹಲವು. ಗೋಪುರವನ್ನು ಒಂದು ವರ್ಷದೊಳಗೆ ಕಟ್ಟಿ ಮುಗಿಸಬೇಕು. ಮುಗಿಸಲಾರದ ಮನೆತನ ದುರ್ಬಲ ಎಂದು ಹೆಸರು ಕೆಡುತ್ತಿತ್ತು. ಪಾಯದ ಜಾಗ ಗಟ್ಟಿಯೋ ಅಲ್ಲವೋ ನೋಡಲು ನೆಲಕ್ಕೆ ಹಾಲು ಸುರಿಯುತ್ತಿದ್ದರಂತೆ. ಅದು ಇಂಗುವುದು ನಿಲ್ಲುವವರೆಗೆ ಅಗೆಯುತ್ತಿದ್ದರಂತೆ. ಕೊನೆಯ ಕಳಸಗಲ್ಲು ಕೂರಿಸುವುದು ಪ್ರಾಣಾಪಾಯದ ಕೆಲಸವಾದ್ದರಿಂದ ಮೇಸ್ತ್ರಿಗೆ ಅದಕ್ಕೆಂದೇ ಬೇರೆ ಉಡುಗೊರೆ. ಗೋಪುರ ಕಟ್ಟುವುದರಲ್ಲೇ ಹೆಸರಾದ ಮನೆತನಗಳಿದ್ದವು. ಬರ್ಕಿನ್‌ಖೊಯೆವ್ ಮನೆತನ ಅವುಗಳಲ್ಲೊಂದು. ಬಾಗಿಲ ಕಮಾನಿನ ಕಲ್ಲುಗಳ ಮೇಲೆ ಅಂಗೈಯ ಗುರುತು ಕೆತ್ತಿರುವುದು ಈಗಲೂ ಸಿಗುತ್ತದೆ.

"ಅಂಗೈ ಗುರುತು ನನ್ನ ಸ್ಕ್ಯಾನಿನಲ್ಲಿ ಸಿಗುತ್ತೆ ಮೇಡಂ."

"ಗುರುತು ಸಿಗುತ್ತೆ. ಅದು ಯಾರದು ಅಂತ ಆ ಊರಿನ ಅಜ್ಜಿಯನ್ನೇ ಕೇಳಬೇಕು. ಆ ಅಜ್ಜಿ ಊರಲ್ಲೇ ಇಲ್ಲದಿದ್ದರೆ?"

ಅವರು ಕೇಳಿದ ಪ್ರಶ್ನೆಯ ಹಿಂದೆ ಒಂದು ದೊಡ್ಡ ಅನ್ಯಾಯದ ಕಥೆಯಿದೆ. 1944ರ ಫೆಬ್ರವರಿ 23ರಂದು ಸ್ಟಾಲಿನ್ ಸರ್ಕಾರ ಚೆಚೆನ್ ಮತ್ತು ಇಂಗುಷ್ ಜನರನ್ನು, ಸುಮಾರು ಐದು ಲಕ್ಷ ಮಂದಿಯನ್ನು, ರೈಲುಗಾಡಿಗಳಿಗೆ ತುಂಬಿ ಕಜಕಸ್ತಾನ ಮತ್ತು ಕಿರ್ಗಿಸ್ತಾನಕ್ಕೆ ಗಡೀಪಾರು ಮಾಡಿತು. ದಾರಿಯಲ್ಲೂ ಸೇರಿದ ನಾಡಿನ ಮೊದಲ ಚಳಿಗಾಲಗಳಲ್ಲೂ ಸತ್ತವರು ಸಾವಿರಾರು. ಇತ್ತ ಮನೆಗಳು ಬರಿದಾದವು, ಗೋರಿಕಲ್ಲುಗಳನ್ನು ಕಿತ್ತು ಕಟ್ಟಡ ಕೆಲಸಕ್ಕೆ ಬಳಸಲಾಯಿತು, ಬೆಟ್ಟದ ಗೋಪುರಗಳು ಹೇಳುವವರು ಕೇಳುವವರಿಲ್ಲದೆ ನಿಂತವು. 1957ರಲ್ಲಿ ಮರಳಲು ಅವಕಾಶ ಸಿಕ್ಕಾಗ ಬಂದವರಲ್ಲಿ ಬಹುಪಾಲು ಬಯಲಿನ ಊರುಗಳಲ್ಲೇ ನೆಲೆಸಿದರು. ಪ್ರತಿವರ್ಷ ಮಾಳಿಗೆಗೆ ಮಣ್ಣು ಬಡಿಯುವ, ಜಾರಿದ ಚಪ್ಪಡಿಯನ್ನು ಸರಿಯಾಗಿ ಕೂರಿಸುವ ಕೈಗಳೇ ಮಲೆಯಲ್ಲಿ ಇಲ್ಲವಾದವು. ಗೋಪುರಗಳಿಗೆ ಶತ್ರುಗಳ ದಾಳಿಗಿಂತ ಹೆಚ್ಚಿನ ಕೇಡು ಮಾಡಿದ್ದು ಈ ಖಾಲಿತನ.

ಆ ಜನ ಗೋಪುರವನ್ನು ಮರೆತಿರಲಿಲ್ಲ. ಇಂಗುಷೆತಿಯದ ನಜ್ರಾನ್ ನಗರದಲ್ಲಿ ಗಡೀಪಾರಾದವರಿಗಾಗಿ 1997ರ ಫೆಬ್ರವರಿ 23ರಂದು ತೆರೆದ ಸ್ಮಾರಕವನ್ನು ಒಂದಕ್ಕೊಂದು ಅಂಟಿ ನಿಂತ ಒಂಬತ್ತು ಗೋಪುರಗಳ ರೂಪದಲ್ಲೇ ಕಟ್ಟಿದರು. ಗಣರಾಜ್ಯದ ಲಾಂಛನದಲ್ಲೂ ಹದ್ದಿನ ಜೊತೆ ಗೋಪುರವಿದೆ.

"1944ಕ್ಕೆ ಮೊದಲು ಏನಿತ್ತು ಅಂತ ನಮಗೆ ಹೇಗೆ ಗೊತ್ತು ಹೇಳು?" ಅಧ್ಯಾಪಕಿ ಮುಂದುವರಿಸಿದರು. "ಶ್ಚೆಬ್ಲಿಕಿನ್ ಅನ್ನೋ ವಿದ್ವಾಂಸ ಇಂಗುಷ್ ಕಟ್ಟಡ ಕಲೆ ಬಗ್ಗೆ ಬರೆದು 1928ರಲ್ಲಿ ಪ್ರಕಟಿಸಿದರು. ಲಿಯೊನಿದ್ ಸೆಮ್ಯೋನೊವ್ 1925ರಿಂದ 1932ರವರೆಗೆ ಕಣಿವೆ ಕಣಿವೆ ಸುತ್ತಿ ಬರೆದುಕೊಂಡರು. ಅವರ ಶೋಧದ ಪುಸ್ತಕ ಅಚ್ಚಾದದ್ದು 1963ರಲ್ಲಿ. ಅವರು ಬರೆದುಕೊಳ್ಳುವಾಗ ಆ ಮನೆಗಳಲ್ಲಿ ಒಲೆ ಉರೀತಿತ್ತು. ಹನ್ನೆರಡೇ ವರ್ಷದಲ್ಲಿ ಅದೇ ಊರುಗಳಲ್ಲಿ ಜನವೇ ಇಲ್ಲ. ಆ ಬರಹ ಇಲ್ಲದಿದ್ದರೆ ಎಷ್ಟೋ ಮನೆಗಳ ಒಳಗು ಹೇಗಿತ್ತು ಅಂತ ಹೇಳೋ ಸಾಕ್ಷಿಯೇ ಇರುತ್ತಿರಲಿಲ್ಲ. ಕ್ರುಪ್ನೊವ್ ಅವರ ಮಧ್ಯಯುಗದ ಇಂಗುಷೆತಿಯ ಕುರಿತ ದೊಡ್ಡ ಗ್ರಂಥ 1971ರಲ್ಲಿ ಬಂತು; ಅದಕ್ಕೂ ಈ ಹಳೆಯ ಟಿಪ್ಪಣಿಗಳು ನೆರವಾದವು."

"ಹಾಗಾದರೆ ನೀವೂ ದಾಖಲಾತಿಯ ಪರವೇ ಆಯಿತಲ್ಲ?"

"ನಾನು ಯಾವತ್ತೂ ಪರವೇ. ಏನನ್ನು ಬರೆದುಕೊಳ್ಳಬೇಕು ಅನ್ನೋದರಲ್ಲಿ ನಿನಗೂ ನನಗೂ ಜಗಳ."

ಎರ್ಜಿ ಎಂಬ ಗೋಪುರಗಳ ಊರಿನ ಉದಾಹರಣೆ ಅವರಿಗೆ ನೆನಪಾಯಿತು. ಆರ್ಮ್‌ಖಿ ಕಣಿವೆಯ ಮೇಲಿನ ಆ ಊರಿನಲ್ಲಿ ಒಂದು ಕಂಚಿನ ಹದ್ದು ಸಿಕ್ಕಿತು. ನೀರು ತುಂಬಿಡುವ ಪಾತ್ರೆ ಅದು. ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟಾಜ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲಿನ ಅರಬ್ಬಿ ಬರಹದಲ್ಲಿ ಮಾಡಿದವನ ಹೆಸರು ಸುಲೈಮಾನ್ ಎಂದಿದೆ. ಹಿಜರಿ ವರ್ಷ 180, ಅಂದರೆ ಕ್ರಿ.ಶ. 796–97. ಇಸ್ಲಾಮಿ ಲೋಹಕಲೆಯಲ್ಲಿ ಕಾಲ ನಮೂದಾದ ಅತಿ ಹಳೆಯ ಕೃತಿಗಳಲ್ಲಿ ಅದೂ ಒಂದು. "ಮಲೆಯ ಮೂಲೆಯ ಊರಿಗೆ ಅದು ಹೇಗೆ ಬಂತು, ಯಾವ ಮನೆಯಲ್ಲಿತ್ತು, ಯಾರು ಕಾಪಾಡಿದರು ಎಂಬುದು ಹದ್ದಿನಷ್ಟೇ ಬೆಲೆಯ ಸಂಗತಿ," ಎಂದರು.

ಶಿಷ್ಯ ಸೋಲಲಿಲ್ಲ. ಅವನ ವಾದದಲ್ಲೂ ಹುರುಳಿತ್ತು. "ವೊವ್ನುಷ್ಕಿ ತಗೊಳ್ಳಿ ಮೇಡಂ. 2008ರಲ್ಲಿ ರಷ್ಯದ ಏಳು ಅದ್ಭುತಗಳ ಸ್ಪರ್ಧೆಯಲ್ಲಿ ಅಂತಿಮ ಸುತ್ತಿಗೆ ಬಂದ ಗೋಪುರಗಳು. ಕಡಿದಾದ ಬಂಡೆಗಳ ತುದಿಯಲ್ಲಿ ಬಂಡೆಯೇ ಬೆಳೆದ ಹಾಗೆ ನಿಂತಿವೆ. ಟೇಪು ಹಿಡಿದು ಅಲ್ಲಿ ಯಾರು ಹತ್ತಬೇಕು? 1858ರಲ್ಲಿ ಜರ್ಮನಿಯ ವೆಟ್ಸ್‌ಲಾರ್ ಚರ್ಚನ್ನು ಅಳೆಯುವಾಗ ಆಲ್ಬ್ರೆಕ್ಟ್ ಮೈಡನ್‌ಬೌವರ್ ಮೇಲಿಂದ ಬಿದ್ದೇಹೋಗುತ್ತಿದ್ದರು. ಹತ್ತದೆ, ಫೋಟೋದಿಂದಲೇ ಅಳತೆ ಯಾಕೆ ತೆಗೆಯಬಾರದು ಅಂತ ಅವರಿಗೆ ಹೊಳೆದದ್ದು ಆಗಲೇ. 1885ರಲ್ಲಿ ಪ್ರಷ್ಯ ಸರ್ಕಾರ ಅದಕ್ಕೇ ಒಂದು ಸಂಸ್ಥೆ ಮಾಡಿತು. ಅವರು ತೆಗೆದ ಗಾಜಿನ ಫಲಕಗಳು ಎರಡನೇ ಮಹಾಯುದ್ಧದಲ್ಲಿ ಹಾಳಾದ ಕಟ್ಟಡಗಳನ್ನು ಮತ್ತೆ ಕಟ್ಟುವಾಗ ಕೆಲಸಕ್ಕೆ ಬಂದವು. ನಾನು ಡ್ರೋನ್ ಹಾರಿಸೋದು ಅದೇ ಕೆಲಸದ ಮುಂದುವರಿಕೆ."

"ಒಪ್ಪಿದೆ. ಫಲಕಗಳು ಯಾಕೆ ಉಪಯೋಗಕ್ಕೆ ಬಂದವು? ಗಾಜು ಅಲ್ಲೇ ಇತ್ತು, ಎಪ್ಪತ್ತು ವರ್ಷ ಆದ ಮೇಲೂ ಬೆಳಕಿಗೆ ಹಿಡಿದರೆ ಕಾಣುತ್ತಿತ್ತು. ನಿನ್ನ ಕಡತ ತೆರೆಯೋ ಸಾಫ್ಟ್‌ವೇರ್ ಎಪ್ಪತ್ತು ವರ್ಷ ಇರುತ್ತಾ?"

ಇದಕ್ಕೆ ಅವನು ಪ್ರಾಮಾಣಿಕವಾಗಿ ಇಲ್ಲ ಎಂದ. ಕಾಗದದ ಮೇಲೆ ಮುದ್ರಿಸಿದ ನಕ್ಷೆ, ನಾಲ್ಕು ಗೋಡೆಗಳ ಎತ್ತರದ ಚಿತ್ರ, ಅಡ್ಡಕೊಯ್ತದ ಚಿತ್ರ ಇವುಗಳನ್ನು ಪ್ರತಿ ಗೋಪುರಕ್ಕೂ ಕಡ್ಡಾಯ ಮಾಡಬೇಕು ಎಂದು ಬರೆದುಕೊಂಡ. ಆಮೇಲೆ ಸ್ಕ್ಯಾನಿನ ನಿಜವಾದ ಬಲ ಯಾವುದೆಂದು ಅವನೇ ವಿವರಿಸಿದ. ಒಂದು ಸಲ ಮಾಡಿದ ಸ್ಕ್ಯಾನು ಚಿತ್ರ ಮಾತ್ರ. ಐದು ವರ್ಷಕ್ಕೊಮ್ಮೆ ಅದೇ ಗುರುತಿನ ಬಿಂದುಗಳಿಂದ ಮತ್ತೆ ಮಾಡಿದರೆ ಗೋಪುರ ಎತ್ತ ವಾಲುತ್ತಿದೆ, ಬಿರುಕು ಎಷ್ಟು ಅಗಲವಾಗಿದೆ, ಯಾವ ಮೂಲೆ ಕುಸಿಯುತ್ತಿದೆ ಎಂಬುದು ಮಿಲಿಮೀಟರ್ ಲೆಕ್ಕದಲ್ಲಿ ಗೊತ್ತಾಗುತ್ತದೆ. ಕಾಕಸಸ್ ಭೂಕಂಪದ ಸೀಮೆ. 1991ರ ಏಪ್ರಿಲ್ 29ರಂದು ಸ್ವಾನೇತಿಯ ಪಕ್ಕದ ರಾಚಾದಲ್ಲಿ 7.0 ತೀವ್ರತೆಯ ಭೂಕಂಪವಾಗಿ ಊರುಗಳೂ ಹಳೆಯ ಚರ್ಚುಗಳೂ ನೆಲಕಚ್ಚಿದವು. ಅಂಥ ಗಳಿಗೆಗೆ ಮೊದಲಿನ ಅಳತೆ ಕೈಯಲ್ಲಿದ್ದರೆ ಯಾವ ಬಿರುಕು ಹಳೆಯದು, ಯಾವುದು ಹೊಸದು ಎಂದು ಹೇಳಬಹುದು.

"ಹಾಗೆ ಹೇಳು," ಎಂದರು ಅಧ್ಯಾಪಕಿ, ಸಂತೋಷದಿಂದ. "ಪದೇ ಪದೇ ಹೋಗಿ ನೋಡೋದಾದರೆ ನಿನ್ನ ಯಂತ್ರಕ್ಕೆ ನನ್ನ ತಕರಾರಿಲ್ಲ."

ಅಲ್ಲಿಂದ ಮಾತು ಬೆಟ್ಟ ದಾಟಿ ಸ್ವಾನೇತಿಗೆ ಹೋಯಿತು. ಅಲ್ಲಿನ ಸ್ಥಿತಿ ಬೇರೆ, ಅಲ್ಲಿ ಜನ ಇದ್ದಾರೆ. ಶ್ಖಾರಾ ಶಿಖರದ ಬುಡದಲ್ಲಿ, 2,000 ಮೀಟರಿಗೂ ಎತ್ತರದಲ್ಲಿ ಉಷ್ಗುಲಿ ಎಂಬ ಊರುಗಳ ಗುಂಪು. ಅದರಲ್ಲೊಂದು ಚಾಜಾಶಿ. 1971ರಲ್ಲೇ ಅದು ಮೀಸಲು ಪ್ರದೇಶವಾಯಿತು. 1996ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ ಜಾಗ 1.06 ಹೆಕ್ಟೇರ್, ಎರಡೂವರೆ ಎಕರೆಗಿಂತ ತುಸು ಹೆಚ್ಚು. ಸುತ್ತ ರಕ್ಷಣಾ ವಲಯ 19.16 ಹೆಕ್ಟೇರ್. ಸ್ವಾನ್ ಮನೆಯ ನೆಲಅಂತಸ್ತು ಒಂದೇ ದೊಡ್ಡ ಕೋಣೆ. ನಡುವೆ ಬೆಂಕಿಗುಂಡ, ಬದಿಯಲ್ಲಿ ಕೆತ್ತನೆಯ ಮರದ ಅಡ್ಡಗೋಡೆ, ಅದರಾಚೆ ದನಗಳು. ಮೇಲಂತಸ್ತಿನಲ್ಲಿ ಹುಲ್ಲು, ಸಲಕರಣೆ. ಬೇಸಗೆಯಲ್ಲಿ ಜನರ ವಾಸವೂ ಅಲ್ಲೇ. ಅಲ್ಲಿಂದ ಮನೆಗೆ ಅಂಟಿದ ಗೋಪುರಕ್ಕೆ ಬಾಗಿಲು. ಗೋಪುರ ಮೂರರಿಂದ ಐದು ಅಂತಸ್ತು; ಗೋಡೆಯ ದಪ್ಪ ಮೇಲೆ ಹೋದಂತೆ ಕಡಿಮೆ. ಹೊರಗಿನ ದಾಳಿಗೂ, ಮನೆತನಗಳ ನಡುವಿನ ರಕ್ತದ್ವೇಷಕ್ಕೂ ಅದೇ ರಕ್ಷೆ.

ಈ ಸೀಮೆಗೆ ಹಳೆಯ ಚಿತ್ರಗಳ ಭಾಗ್ಯವಿದೆ. ಇಟಲಿಯ ವಿತ್ತೋರಿಯೊ ಸೆಲ್ಲಾ 1889ರಿಂದ ಕಾಕಸಸ್‌ಗೆ ಬಂದು, ಭಾರವಾದ ಗಾಜಿನ ಫಲಕಗಳನ್ನು ಹೊರಿಸಿಕೊಂಡು ಸ್ವಾನೇತಿಯ ಊರುಗಳ ಫೋಟೋ ತೆಗೆದರು. ತಿಬಿಲಿಸಿಯ ಛಾಯಾಗ್ರಾಹಕ ದ್ಮಿತ್ರಿ ಯೆರ್ಮಕೊವ್ ಕೂಡ ಬಂದುಹೋದರು. 1930ರಲ್ಲಿ ಮಿಖಾಯಿಲ್ ಕಲಾತೊಜೊವ್ ಉಷ್ಗುಲಿಯ ಬದುಕಿನ ಮೇಲೆ 'ಸಾಲ್ಟ್ ಫಾರ್ ಸ್ವಾನೇತಿಯ' ಎಂಬ ಮೂಕಿ ಚಿತ್ರ ಮಾಡಿದರು.

"ಸಿನಿಮಾ ಸಾಕ್ಷಿ ಆಗುತ್ತಾ ಮೇಡಂ? ಅದು ಸರ್ಕಾರದ ಪ್ರಚಾರದ್ದಲ್ಲವಾ?"

"ಪ್ರಚಾರದ್ದೇ. ಕೆಲವು ದೃಶ್ಯ ಬೇಕಂತಲೇ ಆಡಿಸಿದ್ದು. ಅದಕ್ಕೇ ಜನರ ಆಚಾರದ ಬಗ್ಗೆ ಅದು ಹೇಳೋದನ್ನ ನಂಬುವ ಮೊದಲು ಹತ್ತು ಸಲ ಯೋಚಿಸಬೇಕು. ಹಿನ್ನೆಲೆಯಲ್ಲಿ ನಿಂತ ಗೋಪುರವನ್ನ ಯಾರೂ ಆಡಿಸಲಿಲ್ಲವಲ್ಲ. ಸೆಲ್ಲಾ ನಿಂತ ಜಾಗ ಹುಡುಕಿ, ಅದೇ ಕೋನದಿಂದ ಇವತ್ತು ಫೋಟೋ ತೆಗೆದು, ಎರಡನ್ನೂ ಪಕ್ಕ ಪಕ್ಕ ಇಡು. ಯಾವ ಗೋಪುರ ಹೋಯಿತು, ಯಾವುದು ಮೋಟಾಯಿತು, ಎಲ್ಲಿ ಹೊಸ ಮನೆ ಬಂತು ಅಂತ ಎಣಿಸಬಹುದು."

ಜನ ಇದ್ದ ಮಾತ್ರಕ್ಕೆ ಎಲ್ಲವೂ ಸುಗಮವಲ್ಲ. 1987ರ ಚಳಿಗಾಲದಲ್ಲಿ ಸ್ವಾನೇತಿಯಲ್ಲಿ ಭಯಂಕರ ಹಿಮಪಾತಗಳಾಗಿ ಹಲವರು ಸತ್ತರು. ಅನೇಕ ಕುಟುಂಬಗಳು ಬಯಲಿಗೆ ಸ್ಥಳಾಂತರಗೊಂಡವು. ಉಳಿದವರು ಈಗ ಪ್ರವಾಸಿಗರಿಗೆ ಕೋಣೆ ಕೊಟ್ಟು ಬದುಕುತ್ತಾರೆ. ಗೋಪುರಗಳು ಮನೆತನಗಳ ಸ್ವತ್ತು. ಕಾನೂನಿನಲ್ಲಿ ಸಂರಕ್ಷಿತ ಸ್ಮಾರಕ. ಒಡೆಯನಿಗೆ ಮಾಡು ಸರಿಮಾಡಲೂ ಅನುಮತಿ ಬೇಕು, ಆದರೆ ಬೇಕಾದ ಹಳೆಯ ಮಾದರಿಯ ಚಪ್ಪಡಿ, ಸುಣ್ಣದ ಗಾರೆ, ಬಲ್ಲ ಮೇಸ್ತ್ರಿ ಇವಕ್ಕೆ ದುಡ್ಡು ಅವನ ಕೈಯಲ್ಲಿಲ್ಲ. ಅನುಮತಿ ಕೇಳುವ ಕಚೇರಿ ದೂರ, ಬೇಸಗೆ ಚಿಕ್ಕದು. ಹೀಗಿರುವಾಗ ಒಡೆಯ ತಗಡು ಹೊದಿಸಿ ಕೂತರೆ ಅವನನ್ನು ಬೈಯುವುದು ನ್ಯಾಯವಲ್ಲ.

"ಸಿಮೆಂಟ್ ಹಾಕಿದರೆ?" ಶಿಷ್ಯ ಕೇಳಿದ.

"ಅದಕ್ಕಿಂತ ತಗಡೇ ವಾಸಿ. ತಗಡು ನಾಳೆ ತೆಗೀಬಹುದು. ಈ ಗೋಡೆಗಳಿಗೆ ಒಳಗೊಂದು ಹೊರಗೊಂದು ಕಲ್ಲಿನ ಪದರ, ನಡುವೆ ಸಣ್ಣಕಲ್ಲು-ಗಾರೆ ತುಂಬಿದ ಹೊಟ್ಟೆ. ಮಾಡಿನ ಒಂದು ಚಪ್ಪಡಿ ಜಾರಿದರೆ ನೀರು ಆ ಹೊಟ್ಟೆಗಿಳಿಯುತ್ತೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬುತ್ತೆ, ಬಿಸಿಲಿಗೆ ಕರಗುತ್ತೆ, ಮತ್ತೆ ಹೆಪ್ಪುಗಟ್ಟುತ್ತೆ. ಪದರಗಳು ಒಂದರಿಂದೊಂದು ಬಿಡುತ್ತವೆ. ಸುಣ್ಣದ ಗಾರೆ ಇದ್ದರೆ ತೇವ ಸಂದಿನಿಂದ ಆರಿಹೋಗುತ್ತೆ. ಸಿಮೆಂಟ್ ಆ ಸಂದನ್ನೇ ಮುಚ್ಚುತ್ತೆ. ನೀರು ಒಳಗೇ ಉಳಿದು ಕಲ್ಲನ್ನೇ ತಿನ್ನುತ್ತೆ. ಹೊರಗಿಂದ ಗೋಡೆ ಹೊಸದರ ಹಾಗೆ ಕಾಣುತ್ತೆ, ಅಷ್ಟೆ."

ಅರ್ಧ ಬಿದ್ದ ಗೋಪುರವನ್ನು ಪೂರ್ತಿ ಎತ್ತರಕ್ಕೆ ಕಟ್ಟಿ ನಿಲ್ಲಿಸುವ ಆಸೆ ಇಂಗುಷ್ ಕಣಿವೆಗಳಲ್ಲಿ ಇದೆ. ಅದಕ್ಕೆ ಅಧ್ಯಾಪಕಿ ಖಂಡತುಂಡವಾಗಿ ವಿರೋಧಿ. 1964ರ ವೆನಿಸ್ ಸನ್ನದಿನಲ್ಲಿ ಸಂರಕ್ಷಣೆಯವರು ಒಪ್ಪಿಕೊಂಡ ನಿಯಮವೇ ಇದೆ: ಊಹೆ ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ಜೀರ್ಣೋದ್ಧಾರ ನಿಲ್ಲಬೇಕು. ಶಿಷ್ಯ ಇಲ್ಲಿ ಮೆಲ್ಲಗೆ ತಡೆದ.

"ಊರು ಬಿಡಿಸಿ ಓಡಿಸಿದ ಜನಕ್ಕೆ ತಮ್ಮ ಮನೆತನದ ಗೋಪುರ ಮತ್ತೆ ನಿಂತದ್ದನ್ನ ನೋಡಬೇಕು ಅನ್ನಿಸಿದರೆ ತಪ್ಪಾ ಮೇಡಂ? ವೆನಿಸಿನಲ್ಲಿ ಕೂತವರು ಬರೆದ ನಿಯಮವನ್ನ ಅವರ ಮೇಲೆ ಹೇರಬಹುದಾ?"

ಅಧ್ಯಾಪಕಿ ಸ್ವಲ್ಪ ಹೊತ್ತು ಯೋಚಿಸಿದರು. "ತಪ್ಪಲ್ಲ. ಅವರ ದುಃಖದ ಮುಂದೆ ನನ್ನ ನಿಯಮ ಚಿಕ್ಕದು. ಹಳೆಯ ಫೋಟೋ, ಅಳತೆ, ಬಿದ್ದಲ್ಲೇ ಇರುವ ಕಲ್ಲು ಈ ಮೂರೂ ಇದ್ದರೆ ಕಟ್ಟಲಿ. ಹೊಸದಾಗಿ ಸೇರಿಸಿದ ಕಲ್ಲು ಯಾವುದು ಅಂತ ಗುರುತು ಇಟ್ಟು ಕಟ್ಟಲಿ. ಪ್ರವಾಸಿಗರಿಗೆ ಚೆಂದ ಕಾಣಲಿ ಅಂತ ಗುತ್ತಿಗೆದಾರ ತನ್ನ ಮನಸ್ಸಿಗೆ ಬಂದ ಹಾಗೆ ಕಟ್ಟೋದನ್ನ ನಾನು ಒಪ್ಪಲಾರೆ. ಅದು ಆ ಮನೆತನದ ಗೋಪುರ ಆಗೋದಿಲ್ಲ."

ಕೊನೆಗೆ ಇಬ್ಬರೂ ಕೂತು ಒಂದು ಗೋಪುರದ ದಾಖಲೆ ಹಾಳೆಯಲ್ಲಿ ಏನೇನಿರಬೇಕೆಂದು ಬರೆದರು. ಅಳತೆ, ಫೋಟೋ, ಬಿರುಕಿನ ನಕ್ಷೆ ಅವನ ಪಾಲು. ಒಡೆತನ ಯಾವ ಮನೆತನದ್ದು, ಈಗ ಎಲ್ಲಿದ್ದಾರೆ, ಗೋಪುರದ ಬಗ್ಗೆ ಅವರು ತಮ್ಮ ಭಾಷೆಯಲ್ಲಿ ಏನು ಹೇಳುತ್ತಾರೆ, ಕೊನೆಯ ದುರಸ್ತಿ ಯಾವಾಗ, ಮಾಡಿದ್ದು ಯಾರು, ಸುಣ್ಣ ಎಲ್ಲಿಂದ ಬಂತು, ಯಾವ ಗಣಿಯ ಕಲ್ಲು ಇವೆಲ್ಲ ಅಧ್ಯಾಪಕಿ ಸೇರಿಸಿದ್ದು. ಮುಂದಿನ ತಪಾಸಣೆ ಯಾವ ವರ್ಷ ಎಂಬ ಅಂಕಣವನ್ನು ಇಬ್ಬರೂ ಒಟ್ಟಿಗೇ ಹೇಳಿದರು. ವೆನಿಸ್ ಸನ್ನದು ತನ್ನ ಕೊನೆಯ ವಿಧಿಯಲ್ಲಿ, ಮಾಡಿದ ಕೆಲಸದ ಪ್ರತಿ ಹಂತವನ್ನೂ ದಾಖಲಿಸಿ ಸಾರ್ವಜನಿಕ ಸಂಸ್ಥೆಯ ದಫ್ತರದಲ್ಲಿಡಬೇಕು ಎನ್ನುತ್ತದೆ. ಅಧ್ಯಾಪಕಿ ಅದಕ್ಕೂ ಮೊದಲು ಒಂದು ಪ್ರತಿಯನ್ನು ಕಾಗದದಲ್ಲಿ ಮುದ್ರಿಸಿ ಗೋಪುರದ ಮನೆತನಕ್ಕೆ ಕೊಡಬೇಕು ಎಂದು ಕೆಂಪು ಶಾಯಿಯಲ್ಲಿ ಬರೆದರು. ಮತ್ತೊಂದು ಪ್ರತಿ ಆ ಕಣಿವೆಯ ಶಾಲೆಗೆ.

"ಹಣ ಎಲ್ಲಕ್ಕೂ ಸಾಲದು ಮೇಡಂ. ಒಂದೇ ಗೋಪುರಕ್ಕೆ, ಒಂದೇ ಕೆಲಸಕ್ಕೆ ಸಾಲುವಷ್ಟಿದ್ದರೆ?"

"ಹಾಗಿದ್ದರೆ ಸ್ಕ್ಯಾನರ್ ಮುಂದಿನ ವರ್ಷಕ್ಕಿರಲಿ. ಕೈಯಲ್ಲಿರೋ ಕ್ಯಾಮೆರಾದಲ್ಲಿ ನಾಲ್ಕು ಗೋಡೆ, ಒಳಗು, ಮಾಡು ಎಲ್ಲದರ ಫೋಟೋ ತೆಗಿ, ಟೇಪಿನಲ್ಲಿ ಸಿಕ್ಕಷ್ಟು ಅಳತೆ ಬರಿ. ಆಮೇಲೆ ಊರಿನ ಮೇಸ್ತ್ರಿಗೆ ಕೂಲಿ ಕೊಟ್ಟು, ಹಿಮ ಬೀಳೋ ಮೊದಲು ಮಾಡು ಮುಚ್ಚಿಸು."